ತಲೆಮಾರುಗಳ ಜಮೀನಿನ ಇತಿಹಾಸ ದಾಖಲಿಸುವ ಬಗೆ

ಇಂದಿನ ಒಡೆತನದ ಪತ್ರದಿಂದ ಶುರುಮಾಡಿ ಹಿಂದಕ್ಕೆ ಹೋಗಿ. ಅಜ್ಜ, ಮೊಮ್ಮಗ ಒಂದೇ ಹೆಸರಿನವರಾದರೆ ತಲೆಮಾರುಗಳು ಕಲಸಿಹೋಗುತ್ತವೆ; ತಂದೆಯ ಹೆಸರು, ಗಡಿ, ವಿಸ್ತೀರ್ಣ ಮೂರನ್ನೂ ತಾಳೆ ನೋಡಿ.

ಪತ್ರದ ವರ್ಷವೇ ಆ ಜಮೀನಿನಲ್ಲಿರುವ ಹಳೆಯ ಮನೆ ಕಟ್ಟಿದ ವರ್ಷವಲ್ಲ. ಅದನ್ನು ತೊಲೆಗಳೇ ಹೇಳಬೇಕು, ಅವಕ್ಕಿಂತ ನಂಬಿಕಸ್ತ ಸಾಕ್ಷಿ ಸಿಗುವುದು ಕಡಿಮೆ. ಮರದ ಉಂಗುರಗಳ (ಸಾಮಾನ್ಯವಾಗಿ ವರ್ಷಕ್ಕೊಂದರಂತೆ ಮೂಡುವ ಬೆಳವಣಿಗೆಯ ಗೆರೆಗಳ) ಪರೀಕ್ಷೆಗೆ ಸಾಮಾನ್ಯವಾಗಿ 50ಕ್ಕಿಂತ ಹೆಚ್ಚು ಉಂಗುರಗಳಿರುವ, ತೊಗಟೆಯಂಚು (ತೊಗಟೆಯ ಕೆಳಗಿನ ಕೊನೆಯ ಉಂಗುರ) ಉಳಿದಿರುವ ತೊಲೆ ಬೇಕು. ಅಂಚು ಕೆತ್ತಿಹೋಗಿದ್ದರೆ ಮರ ಕಡಿದ ವರ್ಷ ನಿಖರವಾಗಿ ಸಿಗದು. ಈಗ ಕೆಲಸಕ್ಕೆ ಬಾರದ ಗೂಟದ ತೂತುಗಳು ಕಂಡರೆ ಎಚ್ಚರ: ಬೇರೆ ಹಳೆಯ ಕಟ್ಟಡದಿಂದ ತಂದ ತೊಲೆ ಇರಬಹುದು. ಹಾಗಾಗಿ ಹಲವು ತೊಲೆಗಳನ್ನು ಪರೀಕ್ಷಿಸಿ.

ಹಳೆಯ ಫೋಟೊಗಳನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆಗಳಂತೆ) ಸ್ಕ್ಯಾನ್ ಮಾಡಿ ಟಿಫ್ ಎಂಬ ಬಗೆಯ ಚಿತ್ರ ಕಡತವಾಗಿಡಿ. ಫೋಟೊದ ವಿವರವನ್ನು ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ.