ಸಿಬಿ ಸೆಟ್ ಆರಿಸುವಾಗ ನಾನು ನೋಡುವ ಕ್ರಮ: ಮೊದಲು ಚಾನೆಲ್ ಪಟ್ಟಿ, ಆಮೇಲೆ ಮೋಡ್

ಸಿಬಿ (ಸಿಟಿಜನ್ ಬ್ಯಾಂಡ್, 27 ಮೆಗಾಹರ್ಟ್ಸ್ ಸುತ್ತ ಸಾಮಾನ್ಯ ಜನ ಮಾತಾಡಲು ಬಳಸುವ ರೇಡಿಯೊ) ಸೆಟ್ ಕೈಗೆ ಬಂದಾಗ ಡಬ್ಬದ ಮೇಲಿನ ವಾಟ್ ಅಂಕಿಯನ್ನು ನಾನು ನೋಡುವುದು ಕೊನೆಗೆ. ಮೊದಲು ಕೈಪಿಡಿಯ ಚಾನೆಲ್ ಪಟ್ಟಿ ತೆಗೆದು, ಒಂದನೇ ಚಾನೆಲ್ಲಿನ ಎದುರು 26.965 ಮೆಗಾಹರ್ಟ್ಸ್ ಎಂದಿದೆಯೇ ಅಂತ ನೋಡುತ್ತೇನೆ. ಅದು ಇಲ್ಲದಿದ್ದರೆ ಉಳಿದದ್ದನ್ನು ಓದುವ ಅಗತ್ಯವೇ ಇಲ್ಲ. ಅಂಗಡಿಯವರು ‘ವಾಕಿಟಾಕಿ’ ಎಂದು ಕೊಡುವ 136–174 ಮತ್ತು 400ರ ಮೇಲಿನ ಮೆಗಾಹರ್ಟ್ಸ್‌ನ ಸೆಟ್‌ಗಳು 27 ಮೆಗಾಹರ್ಟ್ಸ್ ಅನ್ನು ಕೇಳಿಸಿಕೊಳ್ಳುವುದೂ ಇಲ್ಲ. ಸಿಬಿ ಅಂದುಕೊಂಡು ಇವನ್ನು ಕೊಂಡವರು ಬಹಳ ಮಂದಿ.

ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು 2005ರ ನಿಯಮ ಬಿಟ್ಟುಕೊಟ್ಟಿರುವುದು 26.957ರಿಂದ 27.283 ಮೆಗಾಹರ್ಟ್ಸ್, ಗರಿಷ್ಠ 5 ವಾಟ್. ಅಮೆರಿಕದ ಪಟ್ಟಿಯಲ್ಲಿ 40 ಚಾನೆಲ್‌ಗಳಿವೆ, 26.965ರಿಂದ 27.405ರವರೆಗೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಲೆಕ್ಕ ತಾನಾಗಿ ತಿಳಿಯುತ್ತದೆ: 27ನೇ ಚಾನೆಲ್ 27.275, ಒಳಗಿದೆ, 28ನೇದು 27.285, ಹೊರಗೆ. ಅಂದರೆ 40 ಚಾನೆಲ್ ಸೆಟ್ಟಿನಲ್ಲಿ ನಮಗೆ ಸಲ್ಲುವುದು ಮೊದಲ 27 ಮಾತ್ರ. ಕೆಲವು ಬಹುದೇಶೀಯ ಸೆಟ್‌ಗಳಲ್ಲಿ ಭಾರತದ್ದೇ ಆಯ್ಕೆ ಇರುತ್ತದೆ, ಅದನ್ನು ಹಾಕಿದರೆ ಗುಂಡಿ 27ಕ್ಕೇ ನಿಲ್ಲುತ್ತದೆ. ಇಲ್ಲದಿದ್ದರೆ ಗುಂಡಿಯ ಪಕ್ಕ ಬಿಳಿ ಟೇಪ್ ಅಂಟಿಸಿ ‘27 ದಾಟಬೇಡಿ’ ಎಂದು ಬರೆದುಬಿಡುತ್ತೇನೆ. ಕೊಳ್ಳುವಾಗ ಆ ಮಾದರಿಗೆ ಡಬ್ಲ್ಯುಪಿಸಿಯ (ಕೇಂದ್ರ ಸರ್ಕಾರದ ರೇಡಿಯೊ ಪರವಾನಗಿ ವಿಭಾಗ) ಇಟಿಎ, ಅಂದರೆ ಸಾಧನದ ಮಾದರಿಗೆ ಕೊಡುವ ಅನುಮೋದನೆಯ ಪ್ರಮಾಣಪತ್ರ ಇದೆಯೇ ಎಂದು ಕೇಳಲೇಬೇಕು. ಆಂಟೆನಾ ಬಗ್ಗೆಯೂ ನಿಯಮದಲ್ಲಿ ಷರತ್ತಿದೆ, ಕಂಬ ನೆಡುವ ಮೊದಲೇ ಓದಿಕೊಳ್ಳಿ.

ಪಟ್ಟಿಯಲ್ಲಿ ಎರಡು ವಿಚಿತ್ರಗಳು ಕಾಣುತ್ತವೆ, ಗಾಬರಿ ಬೇಡ. ಚಾನೆಲ್‌ಗಳ ನಡುವೆ ಸಾಮಾನ್ಯವಾಗಿ 10 ಕಿಲೋಹರ್ಟ್ಸ್ ಅಂತರ, ಆದರೆ 3ರಿಂದ 4ಕ್ಕೆ 20 ಕಿಲೋಹರ್ಟ್ಸ್ ಜಿಗಿತ. ನಡುವಿನ 26.995 ರಿಮೋಟ್ ಕಂಟ್ರೋಲ್‌ಗೆ ಬಿಟ್ಟದ್ದು. 7–8, 11–12, 15–16, 19–20ರ ನಡುವೆಯೂ ಹಾಗೇ. ಇನ್ನೊಂದು, 22 ಆದಮೇಲೆ ಫ್ರೀಕ್ವೆನ್ಸಿ ಏರುವ ಕ್ರಮ 24, 25, 23. ಮೊದಲು ಇದ್ದದ್ದು 23 ಚಾನೆಲ್, ಕೊನೆಯದು 27.255ರಲ್ಲಿ. 1977ರಲ್ಲಿ 40 ಮಾಡಿದಾಗ ನಡುವೆ ಖಾಲಿಯಿದ್ದ 27.235 ಮತ್ತು 27.245ಕ್ಕೆ 24, 25 ಎಂದು ಸಂಖ್ಯೆ ಕೊಟ್ಟರು.

ಯುರೋಪಿನಿಂದ ಬಂದ ಸೆಟ್ ಆದರೆ ದೇಶದ ಆಯ್ಕೆಯನ್ನು ನೋಡದೆ ಬಿಡಬಾರದು. ಪೋಲೆಂಡಿನ ಆಯ್ಕೆಯಲ್ಲಿ ಎಲ್ಲ ಚಾನೆಲ್‌ಗಳೂ 5 ಕಿಲೋಹರ್ಟ್ಸ್ ಕೆಳಗಿವೆ, ಒಂದನೇದು 26.960. ಎರಡು ಸೆಟ್‌ಗಳಲ್ಲೂ ಚಾನೆಲ್ 9 ಎಂದೇ ಕಾಣುತ್ತದೆ, ಮಾತು ಮಾತ್ರ ಒಡೆದು ಬರುತ್ತದೆ. ಬ್ರಿಟನ್ನಿನ ಹಳೆಯ ಎಫ್‌ಎಂ ಪಟ್ಟಿ ಶುರುವಾಗುವುದೇ 27.60125ರಿಂದ, ನಮ್ಮ ಮಿತಿಯಿಂದ ಪೂರಾ ಹೊರಗೆ.

ಚಾನೆಲ್ ಆರಿಸುವಾಗ ನಾನು 13 ಮತ್ತು 14ನ್ನು ಮೊದಲೇ ಕೈಬಿಡುತ್ತೇನೆ. ಅವು 27.115 ಮತ್ತು 27.125. ಎರಡರ ನಡುವೆ ಕೂತಿರುವುದು 27.12 ಮೆಗಾಹರ್ಟ್ಸ್, ಕೈಗಾರಿಕೆಯ ತಾಪನ ಯಂತ್ರಗಳ ಫ್ರೀಕ್ವೆನ್ಸಿ. ಪ್ಲಾಸ್ಟಿಕ್ ಬೆಸೆಯುವ ಯಂತ್ರ, ಫಿಸಿಯೋಥೆರಪಿಯ ಡಯಾಥರ್ಮಿ ಹತ್ತಿರದಲ್ಲಿದ್ದರೆ ಒತ್ತೊತ್ತಾದ ಗುಂಯ್ ಸದ್ದು ಬಂದು ಹೋಗುತ್ತಿರುತ್ತದೆ. ಈ ಬ್ಯಾಂಡಿನಲ್ಲಿ ಇಂಥ ಗದ್ದಲದಿಂದ ನಮಗೆ ರಕ್ಷಣೆಯ ಹಕ್ಕಿಲ್ಲ, ದೂರು ಕೊಡುವ ಬದಲು ಚಾನೆಲ್ ಬದಲಿಸುವುದೇ ದಾರಿ.

ಇನ್ನು ಮೋಡ್, ಅಂದರೆ ಮಾತನ್ನು ರೇಡಿಯೊ ಅಲೆಯಲ್ಲಿ ಕಳಿಸುವ ಬಗೆ: ಎಎಂ, ಎಫ್‌ಎಂ ಇಲ್ಲವೇ ಎಸ್‌ಎಸ್‌ಬಿ. ಎಎಂನಲ್ಲಿ ಕ್ಯಾರಿಯರ್ ಎಂಬ ಮೂಲ ಅಲೆ ಸದಾ ಹೋಗುತ್ತಿರುತ್ತದೆ, ಮಾತು ಅದರ ಎರಡು ಬದಿಯ ಪಟ್ಟಿಗಳಲ್ಲಿ. 4 ವಾಟ್ ಕ್ಯಾರಿಯರನ್ನು ಪೂರ್ತಿ ಮಾಡ್ಯುಲೇಟ್ ಮಾಡಿದರೂ (ಮಾತಿಗೆ ತಕ್ಕಂತೆ ಏರಿಳಿಸಿದರೂ) ಒಂದೊಂದು ಬದಿಗೆ ಸಿಗುವುದು 1 ವಾಟ್. ಮಾತನ್ನು ಹೊರುವುದು ಆ 1 ವಾಟ್. ಕ್ಯಾರಿಯರಿನ 4 ವಾಟಿನಲ್ಲಿ ಮಾತೇ ಇಲ್ಲ. ಎಸ್‌ಎಸ್‌ಬಿಯಲ್ಲಿ ಕ್ಯಾರಿಯರನ್ನೂ ಒಂದು ಬದಿಯನ್ನೂ ತೆಗೆದು ಶಕ್ತಿಯನ್ನೆಲ್ಲ ಉಳಿದ ಒಂದೇ ಬದಿಗೆ ಕೊಡುತ್ತಾರೆ, ಅಗಲವೂ 6ರ ಬದಲು ಸುಮಾರು 3 ಕಿಲೋಹರ್ಟ್ಸ್. ಅದಕ್ಕೇ ಅದು ದೂರ ಮುಟ್ಟುತ್ತದೆ. ಆದರೆ ಅಮೆರಿಕದ ಎಸ್‌ಎಸ್‌ಬಿ ಸೆಟ್‌ಗಳ ಶಿಖರ ಶಕ್ತಿ 12 ವಾಟ್, ನಮ್ಮ 5 ವಾಟ್ ಮಿತಿಗೆ ಅದು ಹೊಂದುವುದಿಲ್ಲ.

ಎಸ್‌ಎಸ್‌ಬಿಯ ಇನ್ನೊಂದು ಕಷ್ಟ ಫ್ರೀಕ್ವೆನ್ಸಿಯನ್ನು ಸೂಕ್ಷ್ಮವಾಗಿ ಹೊಂದಿಸುವ ಕ್ಲಾರಿಫೈಯರ್ ಗುಂಡಿ. 27 ಮೆಗಾಹರ್ಟ್ಸ್‌ನಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ಜಾರಿದರೂ 540 ಹರ್ಟ್ಸ್ ವ್ಯತ್ಯಾಸ. ಎಎಂನಲ್ಲಿ ಇದು ಗೊತ್ತೇ ಆಗದು. ಎಸ್‌ಎಸ್‌ಬಿಯಲ್ಲಿ ಮಾತು ಕೀಚಲಾಗಿಯೋ ಗೊಗ್ಗರಾಗಿಯೋ ಬಂದು ಅರ್ಥವಾಗದು. ಮೈಕ್ ಹಿಡಿದ ಪ್ರತಿಯೊಬ್ಬರಿಗೂ ಆ ಗುಂಡಿ ತಿರುಗಿಸುವ ಅಭ್ಯಾಸ ಬೇಕು. ತೋಟದ ಮನೆ ಮತ್ತು ಜೀಪಿನ ನಡುವೆ ನಾಲ್ಕು ಜನ ಬಳಸುವ ಕಡೆ ನಾನು ಇದನ್ನು ಹಾಕುವುದಿಲ್ಲ.

ಎಎಂ, ಎಫ್‌ಎಂ ಎರಡೂ ಇರುವ ಸೆಟ್ ತೆಗೆದುಕೊಂಡು ಜಾಗದಲ್ಲೇ ಪರೀಕ್ಷಿಸುತ್ತೇನೆ. ಸಂಕೇತ ಗಟ್ಟಿಯಿದ್ದಾಗ ಎಫ್‌ಎಂ ಶುದ್ಧ. ಪೆಟ್ರೋಲ್ ಎಂಜಿನ್ನಿನ ಕಿಡಿಯ ಪಟಪಟ ಅದರಲ್ಲಿ ಬಹುತೇಕ ಮಾಯ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ, ಹಾಗಾಗಿ ಡೀಸೆಲ್ ಜೀಪಿಗೆ ಆ ಲಾಭ ಕಡಿಮೆ. ದೂರ ಹೋದಂತೆ ಎಫ್‌ಎಂ ಒಂದು ಹಂತದಲ್ಲಿ ದಿಢೀರನೆ ಗೊರಗೊರದಲ್ಲಿ ಮುಳುಗುತ್ತದೆ, ಎಎಂ ಮಾತ್ರ ಸದ್ದಿನ ನಡುವೆಯೂ ಎರಡು ಪದ ಕೇಳಿಸುತ್ತಾ ನಿಧಾನವಾಗಿ ಸಾಯುತ್ತದೆ. ಮತ್ತೊಂದು ವ್ಯತ್ಯಾಸ ನನಗೆ ಬಹಳ ಮುಖ್ಯ: ಇಬ್ಬರು ಒಟ್ಟಿಗೆ ಮಾತಾಡಿದರೆ ಎಫ್‌ಎಂನಲ್ಲಿ ಸಂಕೇತ ಬಲವಾಗಿರುವವರ ಮಾತೇ ಕೇಳಿಸುತ್ತದೆ, ಇನ್ನೊಬ್ಬರು ಕರೆದದ್ದೇ ತಿಳಿಯದು. ಎಎಂನಲ್ಲಿ ಎರಡು ಕ್ಯಾರಿಯರ್ ತಾಕಿ ಸಿಳ್ಳೆ ಬರುತ್ತದೆ, ಇನ್ಯಾರೋ ಇದ್ದಾರೆಂದು ಗೊತ್ತಾಗುತ್ತದೆ. ಕಾಡಂಚಿನ ಕಣಿವೆಗಳಿಗೆ ಎಎಂ, ಬಯಲಿನ ಹತ್ತಿರದ ಮಾತಿಗೆ ಎಫ್‌ಎಂ ಎಂಬುದು ನನ್ನ ತೀರ್ಮಾನ.

‘ಮೀಟರ್ ಏರುತ್ತದೆ, ಸದ್ದು ಅಡಗುತ್ತದೆ, ಆದರೆ ಮಾತಿಲ್ಲ’ ಎಂದರೆ ಸೆಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹೆಚ್ಚಿನ ಸಲ ಆ ಕಡೆ ಎಎಂ, ಈ ಕಡೆ ಎಫ್‌ಎಂ ಇರುತ್ತದೆ.

ಫ್ರೀಕ್ವೆನ್ಸಿ ತಿಳಿದಮೇಲೆ ಆಂಟೆನಾದ ಉದ್ದ ಅದರಿಂದಲೇ ಬರುತ್ತದೆ. 1ರಿಂದ 27ರವರೆಗಿನ ನಡುಮಧ್ಯ 27.12. ಅರ್ಧ ಅಲೆಯ ಆಂಟೆನಾಕ್ಕೆ ಬಳಸುವ ಅಂಕಿ 143ನ್ನು 27.12ರಿಂದ ಭಾಗಿಸಿದರೆ 5.27 ಮೀಟರ್, ಇದು ಡೈಪೋಲಿನ (ಎರಡು ತೋಳಿನ ಆಂಟೆನಾದ) ಒಟ್ಟು ಉದ್ದ. ಒಂದು ತೋಳು ಸುಮಾರು 2.64. ಆಮೇಲೆ ಕತ್ತರಿಸಿ ಹೊಂದಿಸಲು ಸ್ವಲ್ಪ ಹೆಚ್ಚು ಬಿಟ್ಟು ನಾನು ಪ್ರತಿ ತೋಳನ್ನೂ 2.75 ಮೀಟರಿಗೆ ಕತ್ತರಿಸಿ, ಲಂಬವಾಗಿ ಕಟ್ಟಿ, ಕೇಬಲನ್ನು ಮಧ್ಯದಿಂದ ಅಡ್ಡಲಾಗಿ ಒಂದೂವರೆ ಮೀಟರಾದರೂ ಎಳೆದುಕೊಳ್ಳುತ್ತೇನೆ. ಕೂಡುವ ಜಾಗದ ಬಳಿ ಆರ್‌ಜಿ-58 ಕೇಬಲನ್ನೇ 10 ಸೆಂಟಿಮೀಟರ್ ಅಗಲದಲ್ಲಿ ಏಳೆಂಟು ಸುತ್ತು ಸುತ್ತಿದರೆ ಕೇಬಲಿನ ಹೊರಮೈ ಆಂಟೆನಾದಂತೆ ವರ್ತಿಸುವುದು ತಗ್ಗುತ್ತದೆ. ಆಮೇಲೆ ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತದೆ ಎಂದು ತೋರಿಸುವುದು, 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು) ಹಾಕಿ ಚಾನೆಲ್ 1, 14, 27ರಲ್ಲಿ ಓದು ತೆಗೆಯುತ್ತೇನೆ. 27ರಲ್ಲಿ ಹೆಚ್ಚಿದ್ದರೆ ಆಂಟೆನಾ ಉದ್ದ, 1ರಲ್ಲಿ ಹೆಚ್ಚಿದ್ದರೆ ಗಿಡ್ಡ. ಎರಡೂ ತೋಳಿನಿಂದ ಒಂದೊಂದು ಸೆಂಟಿಮೀಟರ್ ತೆಗೆದರೆ ಅನುರಣನ (ಆಂಟೆನಾ ಸರಿಯಾಗಿ ಹೊಂದುವ ಫ್ರೀಕ್ವೆನ್ಸಿ) ಸುಮಾರು 100 ಕಿಲೋಹರ್ಟ್ಸ್ ಮೇಲೇರುತ್ತದೆ. ಹಾಗಾಗಿ ಕೊನೆಯಲ್ಲಿ ಅರ್ಧ ಅರ್ಧ ಸೆಂಟಿಮೀಟರೇ ಕತ್ತರಿಸಬೇಕು. ಮೂರರಲ್ಲೂ 1.5ಕ್ಕಿಂತ ಕೆಳಗೆ ಬಂದರೆ ಸಾಕು.

ಜೀಪಿನಲ್ಲಿ ತೊಂದರೆ ಬೇರೆ. ಕ್ಯಾನ್ವಾಸ್ ಹೊದಿಕೆಯ ಜೀಪಿಗೆ ತಗಡಿನ ಛಾವಣಿ ಇಲ್ಲ, ಮ್ಯಾಗ್ನೆಟ್ ಆಂಟೆನಾಕ್ಕೆ ಹಿಡಿದುಕೊಳ್ಳಲು ಜಾಗವಿಲ್ಲ, ಭೂಸಮತಲವೂ (ಆಂಟೆನಾದ ಇನ್ನರ್ಧದಂತೆ ಕೆಲಸ ಮಾಡುವ ಲೋಹದ ಹರವು) ಇಲ್ಲ. ಬಾಡಿಯ ಬದಿಗೆ ಬ್ರಾಕೆಟ್ ಬಿಗಿದು, ಕೆಳಗಿನ ಬಣ್ಣವನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ಕೆರೆದು ಅರ್ಥ್ ಮಾಡಬೇಕು. ಮೂರೂ ಚಾನೆಲ್‌ಗಳಲ್ಲಿ 3ರ ಮೇಲೆ ಓದು ಬಂದರೆ ಉದ್ದಕ್ಕೆ ಕೈಹಾಕುವ ಮೊದಲು ಈ ಅರ್ಥನ್ನೇ ನೋಡಿ. ಲಾರಿಗೆ ಹಾಕುವವರು ಬ್ಯಾಟರಿ 12 ವೋಲ್ಟೋ 24 ವೋಲ್ಟೋ ಎಂದು ಅಳೆದೇ ಜೋಡಿಸಬೇಕು.

ಮನೆಯಲ್ಲಿ ಸೆಟ್ ಕೂರಿಸಿದ ಮೇಲೆ ಸ್ಕ್ವೆಲ್ಚ್ (ಸಂಕೇತವಿಲ್ಲದಾಗ ಗದ್ದಲವನ್ನು ಅಡಗಿಸುವ ಗುಂಡಿ) ಪೂರ್ತಿ ತೆರೆದು, ಎಎಂನಲ್ಲಿ ಎಸ್-ಮೀಟರ್ (ಬರುವ ಸಂಕೇತದ ಬಲ ತೋರಿಸುವ ಮೀಟರ್) ಎಲ್ಲಿ ನಿಂತಿದೆ ಎಂದು ನೋಡಿಕೊಳ್ಳುತ್ತೇನೆ. ಆಮೇಲೆ ಎಲ್‌ಇಡಿ ಬಲ್ಬು, ಯುಪಿಎಸ್, ಸೋಲಾರ್ ಚಾರ್ಜ್ ಕಂಟ್ರೋಲರ್, ಮೊಬೈಲ್ ಚಾರ್ಜರ್ ಒಂದೊಂದಾಗಿ ಬಂದ್ ಮಾಡುತ್ತಾ ಹೋದರೆ ಮುಳ್ಳು ಯಾವುದಕ್ಕೆ ಇಳಿಯಿತೋ ಅದೇ ಗದ್ದಲದ ಮೂಲ. ಸೆಟ್ಟಿಗೆ ವಿದ್ಯುತ್ ಕೊಡುವ ಅಗ್ಗದ ಎಸ್‌ಎಂಪಿಎಸ್ಸೇ ಕಳ್ಳನಾಗಿರುವುದೂ ಉಂಟು. ಅದನ್ನು ತೆಗೆದು 12 ವೋಲ್ಟ್ ಬ್ಯಾಟರಿಗೆ ನೇರವಾಗಿ, 3 ಆಂಪಿಯರ್ ಫ್ಯೂಸ್ ಮೂಲಕ ಜೋಡಿಸಿ ಮತ್ತೊಮ್ಮೆ ಮೀಟರ್ ಓದುತ್ತೇನೆ.