ಬೀರುವಿನೊಳಗೊಂದು ವಾಯುಪಡೆ: ಯುದ್ಧವಿಮಾನದ ಮಾಡೆಲ್‌ಗಳನ್ನು ಕೂಡಿಸಿಡುವುದು ಹೇಗೆ?

ಯುದ್ಧವಿಮಾನದ ಮಾಡೆಲ್ ಕೂಡಿಸಲು ಹೊರಟವರು ಮೊದಲು ಕಿಟ್ (ಜೋಡಿಸಬೇಕಾದ ಬಿಡಿಭಾಗಗಳ ಪೆಟ್ಟಿಗೆ) ಕೊಳ್ಳುತ್ತಾರೆ, ಆಮೇಲೆ ಇಡಲು ಜಾಗ ಹುಡುಕುತ್ತಾರೆ. ಮಾಡಬೇಕಾದದ್ದು ತಿರುವುಮುರುವಾಗಿ. ಮನೆಯಲ್ಲಿರುವ ಅಥವಾ ಮಾಡಿಸಲಿರುವ ಗಾಜಿನ ಬೀರುವಿನ ಹಲಗೆಯ ಉದ್ದ, ಆಳ, ಎರಡು ಹಲಗೆಗಳ ನಡುವಿನ ಎತ್ತರ ಈ ಮೂರನ್ನೂ ಟೇಪು ಹಿಡಿದು ಅಳೆದು ಬರೆದುಕೊಳ್ಳಿ. ಯಾವ ಸ್ಕೇಲು, ಎಷ್ಟು ವಿಮಾನ ಎಂಬುದನ್ನು ಈ ಅಳತೆಯೇ ಹೇಳುತ್ತದೆ.

ಪೇಟೆಯಲ್ಲಿ ಹೆಚ್ಚಾಗಿ ಸಿಗುವುದು 1/144, 1/72, 1/48 ಮತ್ತು 1/32. ನಿಜವಾದ ವಿಮಾನದ ಒಂದು ಮೀಟರ್ 1/72ರಲ್ಲಿ ಸುಮಾರು 1.4 ಸೆಂ.ಮೀ., 1/48ರಲ್ಲಿ 2.1 ಸೆಂ.ಮೀ. ಆಗುತ್ತದೆ. ಸುಖೋಯ್-30 ಎಂಕೆಐ 21.9 ಮೀಟರ್ ಉದ್ದ, ರೆಕ್ಕೆಯ ಹರಹು 14.7 ಮೀಟರ್. 1/72ರಲ್ಲಿ ಅದು 30.5 x 20.4 ಸೆಂ.ಮೀ. ಜಾಗ ಬೇಡುತ್ತದೆ. 1/48ರಲ್ಲಿ 46 ಸೆಂ.ಮೀ. ಸಮೀಪಿಸುವುದರಿಂದ 35 ಸೆಂ.ಮೀ. ಆಳದ ಬೀರುವಿನಲ್ಲಿ ನೇರವಾಗಿ ಕೂರುವುದಿಲ್ಲ. ಅದೇ 1/72ರಲ್ಲಿ ನಮ್ಮ ವಾಯುಪಡೆಯ ಇತರ ವಿಮಾನಗಳಾದ ನ್ಯಾಟ್ 12 ಸೆಂ.ಮೀ., ತೇಜಸ್ 18 ಸೆಂ.ಮೀ., ಮಾರುತ್ 22 ಸೆಂ.ಮೀ. ಉದ್ದ ಬರುತ್ತವೆ. ಭಾರತೀಯ ವಾಯುಪಡೆಯನ್ನೇ ವಿಷಯವಾಗಿಟ್ಟುಕೊಂಡವರಿಗೆ 1/72 ಸರಿ. ಯಾವುದೇ ಆಗಲಿ, ಒಂದು ಬೀರುವಿಗೆ ಒಂದೇ ಸ್ಕೇಲು. 1/48ರ ಪುಟಾಣಿ ನ್ಯಾಟ್ ಪಕ್ಕದಲ್ಲಿ 1/72ರ ಸುಖೋಯ್ ಇಟ್ಟರೆ ನೋಡುವವರಿಗೆ ಗಾತ್ರದ ಅಂದಾಜೇ ತಪ್ಪಿಹೋಗುತ್ತದೆ.

ಕಿಟ್ ಕೊಳ್ಳುವ ಮುನ್ನ

ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕೊಂಡರೆ ಮೋಸಹೋಗುವುದು ಖಚಿತ. ಏರ್‌ಫಿಕ್ಸ್ ಕಂಪನಿಯ 1/72 ನ್ಯಾಟ್ ಟಿ.1 ಅಗ್ಗ, ಸುಲಭವಾಗಿ ಸಿಗುತ್ತದೆ. ಆದರೆ ಅದು ಬ್ರಿಟನ್ನಿನ ಎರಡು ಸೀಟಿನ ತರಬೇತಿ ವಿಮಾನ. ನಮ್ಮವರು 1965 ಮತ್ತು 1971ರಲ್ಲಿ ಹಾರಿಸಿದ್ದು ಒಂದೇ ಸೀಟಿನ ಫೈಟರ್. ಮೂಗು, ಕ್ಯಾನೊಪಿ (ಪೈಲಟ್ ಮೇಲಿನ ಪಾರದರ್ಶಕ ಮುಚ್ಚಳ), ರೆಕ್ಕೆ ಎಲ್ಲವೂ ಬೇರೆ. ತ್ರಿವರ್ಣದ ವೃತ್ತ ಅಂಟಿಸಿದ ಮಾತ್ರಕ್ಕೆ ಟಿ.1 ನಮ್ಮ ನ್ಯಾಟ್ ಆಗುವುದಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಮಿಗ್-21ರದ್ದು. 1963ರಿಂದ 2025ರ ಸೆಪ್ಟೆಂಬರ್ 26ರವರೆಗೆ ವಾಯುಪಡೆಯಲ್ಲಿದ್ದ ಈ ವಿಮಾನ ಅಷ್ಟು ಕಾಲವೂ ಒಂದೇ ರೂಪದಲ್ಲಿರಲಿಲ್ಲ. ಎಫ್‌ಎಲ್ (ಟೈಪ್ 77) ಮಾದರಿಗೆ ರೆಕ್ಕೆಯಡಿ ಎರಡೇ ಪೈಲಾನ್ (ಆಯುಧ ತೂಗುಹಾಕುವ ಆಸರೆ), ಒಡಲೊಳಗೆ ಫಿರಂಗಿ ಇಲ್ಲ, ಕ್ಯಾನೊಪಿ ಮುಂದಕ್ಕೆ ತೆರೆದುಕೊಳ್ಳುತ್ತದೆ. ಟೈಪ್ 96 ಮತ್ತು ಬಿಸ್ (ಟೈಪ್ 75) ಮಾದರಿಗಳಿಗೆ ನಾಲ್ಕು ಪೈಲಾನ್, ಹೊಟ್ಟೆಯಲ್ಲಿ 23 ಮಿ.ಮೀ. ಜೋಡಿನಳಿಗೆಯ ಫಿರಂಗಿ, ಕ್ಯಾನೊಪಿ ಪಕ್ಕಕ್ಕೆ ತೆರೆಯುತ್ತದೆ. ಬಿಸ್‌ನ ಬೆನ್ನು ಟೈಪ್ 96ಕ್ಕಿಂತ ತುಂಬಿಕೊಂಡಿದೆ. ಬಿಸ್ ಅನ್ನೇ ಆಧುನೀಕರಿಸಿದ ಬೈಸನ್ ಆದರೆ ಪೈಲಟ್ ಮುಂದಿನ ಗಾಜು ಚೌಕಟ್ಟಿಲ್ಲದ ಒಂದೇ ತುಂಡು. ಉದಾಹರಣೆಗೆ, 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ನಿವಾಸದ ಮೇಲೆ ದಾಳಿ ಮಾಡಿದ ಮಿಗ್ ನಿಮಗೆ ಬೇಕೆಂದರೆ ಅದು ಎಫ್‌ಎಲ್ಲೇ ಆಗಬೇಕು, ರೆಕ್ಕೆಯಡಿ 57 ಮಿ.ಮೀ. ರಾಕೆಟ್ಟಿನ ದುಂಡನೆಯ ಗೂಡುಗಳಿರಬೇಕು. ಬಿಸ್ ಕಿಟ್ಟಿಗೆ 1971ರ ಬಣ್ಣ ಬಳಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ! ಆ ಯುದ್ಧಕಾಲದ ಮರೆಬಣ್ಣವನ್ನು (ಕ್ಯಾಮೊಫ್ಲಾಜ್) ಸ್ಕ್ವಾಡ್ರನ್‌ಗಳು ತಮ್ಮ ತಮ್ಮಲ್ಲೇ ಬಳಿದುಕೊಂಡಿದ್ದರಿಂದ ವಿಮಾನದಿಂದ ವಿಮಾನಕ್ಕೆ ಪಟ್ಟೆಗಳು ಬದಲಾಗುತ್ತವೆ. ಹಾಗಾಗಿ ಮೊದಲು ಒಂದು ನಿರ್ದಿಷ್ಟ ಸಂಖ್ಯೆಯ ವಿಮಾನದ ಫೋಟೊ ಆರಿಸಿಕೊಂಡು, ಅದಕ್ಕೆ ಹೊಂದುವ ಕಿಟ್ ಹುಡುಕುವುದೇ ಸರಿಯಾದ ದಾರಿ.

ಬೆಂಗಳೂರಿನಲ್ಲೇ ವಿನ್ಯಾಸಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಮಾರುತ್ ಬೇಕೆನ್ನುವವರಿಗೆ ಕಷ್ಟ ಹೆಚ್ಚು. ಏರ್‌ಫಿಕ್ಸ್, ತಮಿಯಾ, ಹಸೆಗಾವಾ ಯಾರೂ ಅದರ ಕಿಟ್ ಮಾಡಿಲ್ಲ. ರೆಸಿನ್ (ಅಚ್ಚಿಗೆ ಹೊಯ್ದು ಗಟ್ಟಿಮಾಡಿದ ರಾಳ) ಕಿಟ್ ಅಥವಾ 3ಡಿ ಪ್ರಿಂಟ್ ಮಾಡಿದ್ದನ್ನೇ ಹುಡುಕಬೇಕು. ರೆಸಿನ್ ಭಾಗಗಳನ್ನು ಪಾತ್ರೆ ಸೋಪಿನ ನೀರಲ್ಲಿ ತೊಳೆಯದಿದ್ದರೆ ಅಚ್ಚಿನ ಜಿಡ್ಡು ಉಳಿದು ಬಣ್ಣ ಸುಲಿದು ಬರುತ್ತದೆ. ಪ್ಲಾಸ್ಟಿಕ್ ಸಿಮೆಂಟು ಇದಕ್ಕೆ ಹಿಡಿಯುವುದಿಲ್ಲ, ಸೂಪರ್ ಗ್ಲೂ ಅಥವಾ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಅಂಟು) ಬೇಕು. ಉಜ್ಜುವಾಗ ವಾಟರ್ ಪೇಪರನ್ನು ಒದ್ದೆ ಮಾಡಿ ಉಜ್ಜಿ, ಮುಖಕ್ಕೆ ಮಾಸ್ಕ್ ಹಾಕಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನಿಜವಾದ ಮಾರುತ್ ಅನ್ನು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲೂ ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಹೆರಿಟೇಜ್ ಸೆಂಟರಿನಲ್ಲೂ ನೋಡಬಹುದು. ಚಕ್ರದ ಗೂಡು, ಗಾಳಿಬಾಯಿ, ಬಾಲದ ಆಕಾರ ನೋಡಿ ಫೋಟೊ ತೆಗೆದುಕೊಂಡು ಬನ್ನಿ. ಬಣ್ಣಕ್ಕೆ ಮಾತ್ರ ಅದನ್ನು ನಂಬಬೇಡಿ: ಬಯಲಲ್ಲಿ ನಿಂತ ವಿಮಾನಗಳಿಗೆ ಮತ್ತೆ ಮತ್ತೆ ಬಣ್ಣ ಹೊಡೆಯುತ್ತಾರೆ. ಬಣ್ಣಕ್ಕೆ ಸೇವೆಯಲ್ಲಿದ್ದ ಕಾಲದ ಫೋಟೊಗಳೇ ಆಧಾರ.

ಕಟ್ಟುವ ತಾಳ್ಮೆ ಇಲ್ಲದವರು ಬಣ್ಣ ಹಚ್ಚಿ ಸಿದ್ಧವಾಗಿ ಬರುವ ಡೈಕಾಸ್ಟ್ ಮಾಡೆಲ್ ಕೊಳ್ಳಬಹುದು. ಅದು ಲೋಹದ್ದು, ತೂಕ ಹೆಚ್ಚು. ಕೊಳ್ಳುವಾಗ ರೆಕ್ಕೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು, ಉಬ್ಬು ಇದೆಯೇ ನೋಡಿ. ಸತುವಿನ ಮಿಶ್ರಲೋಹದಲ್ಲಿ ಸೀಸದ ಕಲಬೆರಕೆಯಿದ್ದರೆ ತೇವಕ್ಕೆ ಅದು ಒಳಗಿನಿಂದಲೇ ಪುಡಿಯಾಗುತ್ತಾ ಬರುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಜೋಡಣೆಯಲ್ಲಿ ಎಡವುವ ಜಾಗಗಳು

ಕಿಟ್ಟಿನೊಳಗಿನ ಸೂಚನಾಪತ್ರ ಹೇಳುವುದನ್ನೇ ಇಲ್ಲಿ ಮತ್ತೆ ಹೇಳಬೇಕಿಲ್ಲ. ಅದು ಸರಿಯಾಗಿ ಹೇಳದಿರುವುದು ಮೂಗಿನ ಭಾರದ ವಿಷಯ. ಮೂಗಿನಡಿ ಚಕ್ರವಿರುವ ಜೆಟ್‌ಗಳು ಬಾಲದ ಮೇಲೆ ಕುಳಿತುಬಿಡುತ್ತವೆ. ಒಡಲಿನ ಎರಡು ಹೋಳು ಮುಚ್ಚುವ ಮುನ್ನ ಎಲ್ಲವನ್ನೂ ಟೇಪಿನಲ್ಲಿ ಕಟ್ಟಿ, ಹಿಂದಿನ ಚಕ್ರ ಬರುವ ಜಾಗಕ್ಕೆ ಪೆನ್ಸಿಲ್ ಅಡ್ಡ ಕೊಟ್ಟು ತೂಗಿ ನೋಡಿ. ಮೂಗು ಕೆಳಗೆ ವಾಲುವಷ್ಟು ಭಾರ ಹಾಕಿ, ಅದರ ಮೇಲೆ ಅದರದೇ ಐದನೇ ಒಂದು ಭಾಗ ಸೇರಿಸಿ. ಬಣ್ಣ, ಬಾಲದ ಚಿಕ್ಕಪುಟ್ಟ ಭಾಗ ಸೇರಿದ ಮೇಲೆ ಹಿಂದಿನ ತೂಕ ಏರುತ್ತದೆ. ಮಿಗ್-21ರ ಮೂಗೇ ಗಾಳಿಬಾಯಿ ಆದ್ದರಿಂದ ಅಲ್ಲಿ ಜಾಗ ಕಡಿಮೆ. ನಡುವಿನ ಕೋನ್‌ನ ಒಳಗೆ ಮತ್ತು ಕಾಕ್‌ಪಿಟ್ಟಿನ ಅಕ್ಕಪಕ್ಕ ತುಂಬಬೇಕಾಗುತ್ತದೆ.

ಭಾರಕ್ಕೆ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ಅನುಕೂಲ. ಆದರೆ ಅದನ್ನು ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ಕೂರಿಸಬೇಡಿ. ಬಿಳಿ ಅಂಟಿನ ಆಮ್ಲಕ್ಕೆ ಸೀಸ ನಿಧಾನವಾಗಿ ಬಿಳಿಪುಡಿಯಾಗಿ ಉಬ್ಬುತ್ತದೆ, ಕೆಲವು ವರ್ಷಗಳ ನಂತರ ಮುಚ್ಚಿದ ಮೂಗನ್ನು ಒಳಗಿನಿಂದ ಸೀಳುತ್ತದೆ. ಎಪಾಕ್ಸಿಯಲ್ಲಿ ಕೂರಿಸಿ. ಕ್ಯಾನೊಪಿಗೆ ಇದಕ್ಕೆ ತದ್ವಿರುದ್ಧ: ಅಲ್ಲಿ ಬಿಳಿ ಅಂಟೇ ಬೇಕು. ಸೂಪರ್ ಗ್ಲೂವಿನ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿಗೆ ತಗಲಿ ಒಳಮೈ ಮಂಜಾಗುತ್ತದೆ.

ಬಣ್ಣದ ಕ್ರಮ ಹೀಗೆ: ಪ್ರೈಮರ್, ಮೂಲಬಣ್ಣ, ಹೊಳಪು ವಾರ್ನಿಷ್, ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ತೆಳುಪದರ), ಮತ್ತೆ ತೆಳುವಾಗಿ ಹೊಳಪು ವಾರ್ನಿಷ್, ಗೀರುಗಳಿಗೆ ಕಪ್ಪು ವಾಶ್ (ತೀರ ತೆಳುಮಾಡಿದ ಬಣ್ಣ), ಕೊನೆಗೆ ಮ್ಯಾಟ್ ವಾರ್ನಿಷ್. ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಪದರ ಸುಕ್ಕುಗಟ್ಟುತ್ತದೆ. ಜಡಿಮಳೆಯ ದಿನ, ಅದರಲ್ಲೂ ಕರಾವಳಿಯಲ್ಲಿ ಜೂನ್–ಜುಲೈ ತಿಂಗಳಲ್ಲಿ ಲ್ಯಾಕರ್ ಮುಟ್ಟದಿರುವುದು ಲೇಸು. ತೆಳುಕಾರಕ ಬೇಗ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕಟ್ಟಿ ಬಿಳಿ ಮಬ್ಬು ಬರುತ್ತದೆ.

ಡೆಕಾಲ್: ಅವಸರಕ್ಕೆ ಆಗದ ಕೆಲಸ

ನಮ್ಮ ವಾಯುಪಡೆಯ ವೃತ್ತದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಮಧ್ಯದಲ್ಲಿ ಹಸಿರು. ಮನೆಯ ಪ್ರಿಂಟರಿನಲ್ಲಿ ಡೆಕಾಲ್ ಮಾಡಿಕೊಳ್ಳುವವರು ಇದನ್ನು ತಿರುಗಿಸಿಬಿಡುವುದುಂಟು.

ಡೆಕಾಲನ್ನು ಹತ್ತು–ಹದಿನೈದು ಸೆಕೆಂಡು ಉಗುರುಬೆಚ್ಚಗಿನ ನೀರಲ್ಲಿ ಮುಳುಗಿಸಿ ತೆಗೆದು, ಟಿಶ್ಯೂ ಮೇಲೆ ಒಂದು ನಿಮಿಷ ಬಿಡಿ. ಕಾಗದದ ಮೇಲೆ ತಾನಾಗಿ ಜಾರತೊಡಗಿದಾಗಲೇ ಮಾಡೆಲ್ ಮೇಲೆ ತಳ್ಳಿ. ನೀರು ಆರ್‌ಒ ಅಥವಾ ಡಿಸ್ಟಿಲ್ಡ್ ಆಗಿರಲಿ. ಬೋರ್‌ವೆಲ್ ನೀರು ಆರಿದ ಮೇಲೆ ಕಡುಬಣ್ಣದ ಮೇಲೆ ಸುಣ್ಣದ ಬಿಳಿ ಉಂಗುರ ಬಿಡುತ್ತದೆ. ಡೆಕಾಲ್ ಕೆಳಗೆ ಅದನ್ನು ಹಿಡಿಸುವ ದ್ರವ ಮೈಕ್ರೊ ಸೆಟ್, ಕೂತ ಮೇಲೆ ಮೇಲಿನಿಂದ ಅದನ್ನು ಮೆತ್ತಗಾಗಿಸುವ ದ್ರವ ಮೈಕ್ರೊ ಸಾಲ್. ಸಾಲ್ ಹಚ್ಚಿದ ಕೆಲವೇ ನಿಮಿಷದಲ್ಲಿ ಡೆಕಾಲ್ ಒಣದ್ರಾಕ್ಷಿಯಂತೆ ಸುಕ್ಕಾಗುತ್ತದೆ. ಗಾಬರಿಯಿಂದ ಬೆರಳು ಹಾಕಿದರೆ ಹರಿದೇಹೋಯಿತು. ಸುಮ್ಮನೆ ರಾತ್ರಿಯಿಡೀ ಬಿಟ್ಟರೆ ತಾನೇ ಬಿಗಿದುಕೊಂಡು ಗೀರುಗಳೊಳಕ್ಕೆ ಇಳಿಯುತ್ತದೆ. ಆರಿದ ಮೇಲೆ ಅಂಚಿನ ಪಾರದರ್ಶಕ ಭಾಗ ಬೆಳ್ಳಗೆ ಮಿಂಚಿದರೆ ಕೆಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಒರಟು ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಅಂಟಿಸಿದ್ದೇ ಕಾರಣ. ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ಮತ್ತೊಮ್ಮೆ ಸಾಲ್ ಹಚ್ಚಿದರೆ ಸ್ವಲ್ಪ ಸರಿಹೋಗುತ್ತದೆ, ಪೂರ್ತಿ ಅಲ್ಲ.

ಕಡುಹಸಿರು ಮರೆಬಣ್ಣದ ಮೇಲೆ ವೃತ್ತದ ಬಿಳಿ ಮಂಕಾಗಿ ಕಂಡರೆ, ಇನ್ನೊಂದು ಹಾಳೆಯ ಅದೇ ವೃತ್ತವನ್ನು ಆರಿದ ಮೇಲೆ ಮೇಲಕ್ಕೆ ಕೂರಿಸಿ. ಹಳೆಯ ಕಿಟ್ಟಿನ ಹಾಳೆಯಾದರೆ ಮೊದಲು ಬೇಡದ ಒಂದು ಚಿಕ್ಕ ಅಕ್ಷರವನ್ನು ನೆನೆಸಿ ಪರೀಕ್ಷಿಸಿ. ಚೂರಾದರೆ ಇಡೀ ಹಾಳೆಗೆ ಹೊಳಪು ವಾರ್ನಿಷ್ ಹೊಡೆದು ಆರಿಸಿ, ಆಮೇಲೆ ಒಂದೊಂದನ್ನೂ ಅಂಚಿಗೆ ಸರಿಯಾಗಿ ಕತ್ತರಿಸಿಕೊಳ್ಳಿ.

ಬೀರುವಿನಲ್ಲಿ ಇಡುವಾಗ

ಜಾರುಗಾಜಿನ ಬಾಗಿಲುಗಳ ನಡುವೆ ಮೂರ್ನಾಲ್ಕು ಮಿ.ಮೀ. ಸಂದು ಉಳಿದೇ ಉಳಿಯುತ್ತದೆ, ಧೂಳು ನುಗ್ಗುವುದು ಅಲ್ಲಿಂದಲೇ. ಕೀಲಿನ ಬಾಗಿಲು ಮಾಡಿಸಿ, ಸುತ್ತ ರಬ್ಬರ್ ಅಥವಾ ಫೋಮ್ ಪಟ್ಟಿ ಅಂಟಿಸಿ. 90 ಸೆಂ.ಮೀ. ಅಗಲದ ಹಲಗೆಗೆ ಕನಿಷ್ಠ 6 ಮಿ.ಮೀ. ಟಫನ್ಡ್ ಗಾಜು, ಡೈಕಾಸ್ಟ್ ಇಡುವುದಾದರೆ ನಡುವೆ ಒಂದು ಆಸರೆ. 1/72ಕ್ಕೆ ಹಲಗೆಗಳ ನಡುವೆ 20 ಸೆಂ.ಮೀ. ಸಾಕು. ಸುಖೋಯ್‌ನ ಬಾಲವೇ 9 ಸೆಂ.ಮೀ. ಒಳಗಿದೆ. ಸ್ಟ್ಯಾಂಡಿನ ಮೇಲೆ ಹಾರುವ ಭಂಗಿಯಲ್ಲಿ ಇಡುವವರು 25 ಬಿಡಿ. ವಿಮಾನಗಳನ್ನು ಒಂದೇ ಕಡೆಗೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ಒಂದರ ರೆಕ್ಕೆಯ ಹಿಂದೆ ಇನ್ನೊಂದರ ಮೂಗು ಸೇರಿಕೊಂಡು ಜಾಗ ಉಳಿಯುತ್ತದೆ.

ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ಡೆಕಾಲ್ ಹಳದಿಯಾಗುತ್ತದೆ, ಕೆಂಪು–ಕೇಸರಿ ಬೇಗ ಮಾಸುತ್ತದೆ. ದೀಪಕ್ಕೆ 4000 ಕೆಲ್ವಿನ್‌ನ ಎಲ್‌ಇಡಿ ಪಟ್ಟಿಯನ್ನು ಬೀರುವಿನ ಮುಂದಿನ ಅಂಚಿನ ಒಳಮೈಗೆ ಅಲ್ಯುಮಿನಿಯಂ ಚಾನಲ್‌ನಲ್ಲಿ ಕೂರಿಸಿ. ಹಿಂದಿನಿಂದ ಬೆಳಕು ಬಿದ್ದರೆ ನೆರಳಷ್ಟೇ ಕಾಣುತ್ತದೆ. ಬಿಸಿಯಾಗುವ ಅಡಾಪ್ಟರ್ ಹೊರಗಿರಲಿ. ಡೈಕಾಸ್ಟ್‌ನ ಮೆತ್ತನೆಯ ಟಯರಿನಿಂದ ಒಸರುವ ಎಣ್ಣೆಯಂಶ ಬಣ್ಣದ ಹಲಗೆಯನ್ನೂ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ, ಅಂಥದ್ದನ್ನು ಗಾಜಿನ ಮೇಲೆಯೇ ಇಡಿ.

ಹಲಗೆಗೊಂದು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ಅದರ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡಿ. ಬೂಷ್ಟು ಮೊದಲು ಕಾಣುವುದು ಮ್ಯಾಟ್ ವಾರ್ನಿಷ್ ಮೇಲೆ. ಧೂಳು ತೆಗೆಯಲು ಹೊಸ ಮೇಕಪ್ ಬ್ರಶ್ ಬಳಸಿ, ಮೂಗಿನಿಂದ ಬಾಲದ ಕಡೆಗೆ ಎಳೆಯಿರಿ. ಹಿಂದಿನಿಂದ ಮುಂದಕ್ಕೆ ಎಳೆದರೆ ಆಂಟೆನಾ, ಪಿಟೋ ಕೊಳವೆ (ವಿಮಾನದ ವೇಗ ಅಳೆಯುವ ಸಣ್ಣ ನಳಿಗೆ) ಮುರಿಯುತ್ತವೆ. ಎತ್ತುವಾಗ ರೆಕ್ಕೆಯ ತುದಿ ಹಿಡಿಯದೆ ಒಡಲನ್ನೇ ಹಿಡಿಯಿರಿ. ವೈರು ಹೋಗಲು ಹಿಂಬದಿಯಲ್ಲಿ ಕೊರೆದ ತೂತನ್ನು ಸ್ಪಂಜಿನಿಂದ ತುಂಬಿ. ಹಲ್ಲಿ ಒಳಸೇರುವುದು ಅದರಿಂದಲೇ. ಅದರ ಹಿಕ್ಕೆ ಮ್ಯಾಟ್ ಬಣ್ಣದ ಮೇಲೆ ಬಿದ್ದರೆ ಒರೆಸಿದರೂ ಕಲೆ ಹೋಗುವುದಿಲ್ಲ.