ಬಂಗಡೆ ಹೋಳು ಯಾರ ತಟ್ಟೆಗೆ? ಪ್ರೊಟೀನ್ ಲೆಕ್ಕ ಹಾಕುವುದು ಹೀಗೆ

ಕಾರವಾರದ ನಮ್ಮ ಮನೆಯಲ್ಲಿ ಮೀನು ಇಲ್ಲದ ಊಟ ಕಡಿಮೆ. ಹಾಗಾಗಿ ಪ್ರೊಟೀನ್ ಕೊರತೆ ಅನ್ನುವುದು ನಮ್ಮ ಮನೆಯ ಮಾತೇ ಅಲ್ಲ ಅಂದುಕೊಂಡಿದ್ದೆ. ಕಳೆದ ವರ್ಷ ಆಯಿ, ಅಂದರೆ ನನ್ನ ಅಮ್ಮ, ನೆಲದಿಂದ ಏಳಲು ಗೋಡೆ ಹಿಡಿಯತೊಡಗಿದಳು. ಆಗ ಒಂದು ಮಧ್ಯಾಹ್ನ ಅವಳ ತಟ್ಟೆಯನ್ನು ಸರಿಯಾಗಿ ನೋಡಿದೆ. ಅನ್ನ, ಮೇಲೆ ಕೆಂಪಗಿನ ಬಂಗಡೆ ಸಾರು, ಜುಮ್ಮನಕಾಯಿ ಎಂಬ ಮಸಾಲೆಯ ಘಮ. ಹೋಳು ಮಾತ್ರ ಇರಲಿಲ್ಲ. ಒಂದು ತಲೆ ಇತ್ತು, ಅಷ್ಟೇ. ಹೋಳೆಲ್ಲ ಅಪ್ಪನಿಗೆ, ನನಗೆ, ಮಕ್ಕಳಿಗೆ ಬಡಿಸಿ ಮುಗಿದಿತ್ತು. ಕೇಳಿದರೆ, "ನಂಗೆ ಸಾರೇ ಸಾಕು" ಅಂದಳು. ನನಗೆ ಬುದ್ಧಿ ಬಂದಾಗಿನಿಂದಲೂ ಅವಳು ಹೇಳುವುದು ಇದನ್ನೇ.

ಅದಕ್ಕೇ ಹೇಳುತ್ತೇನೆ: ಮನೆಗೆ ಎಷ್ಟು ಕೆಜಿ ಮೀನು ಬಂತು, ಭಾನುವಾರ ಎಷ್ಟು ಕೋಳಿ ತಂದೆವು ಅಂತ ಲೆಕ್ಕ ಹಾಕಬೇಡಿ. ಒಬ್ಬೊಬ್ಬರ ತಟ್ಟೆ ನೋಡಿ ಹಾಕಿ. ಒಂದು ಪೆನ್ನು, ಒಂದು ಹಾಳೆ, ಅರ್ಧ ಗಂಟೆ ಸಾಕು.

ಮೊದಲು ತೂಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಅಳತೆ ಹೀಗಿದೆ: ಆರೋಗ್ಯವಂತ ವಯಸ್ಕರಿಗೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೊಟೀನ್. 65 ಕೆಜಿಯ ಗಂಡಸಿಗೆ ಸುಮಾರು 54 ಗ್ರಾಂ, 55 ಕೆಜಿಯ ಹೆಂಗಸಿಗೆ ಸುಮಾರು 46 ಗ್ರಾಂ ಆಗುತ್ತದೆ. ಬೊಜ್ಜು ಜಾಸ್ತಿ ಇದ್ದರೆ ಈಗಿನ ತೂಕ ಬೇಡ, ನಿಮ್ಮ ಎತ್ತರಕ್ಕೆ ಎಷ್ಟು ಇರಬೇಕೋ ಅಷ್ಟನ್ನು ಹಿಡಿಯಿರಿ.

ಬಸುರಿಯರಿಗೆ ಇದರ ಮೇಲೆ ಇನ್ನಷ್ಟು ಬೇಕು. ನಾಲ್ಕರಿಂದ ಆರನೇ ತಿಂಗಳವರೆಗೆ ದಿನಕ್ಕೆ 9.5 ಗ್ರಾಂ ಹೆಚ್ಚು, ಕೊನೆಯ ಮೂರು ತಿಂಗಳು 22 ಗ್ರಾಂ ಹೆಚ್ಚು. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ಸುಮಾರು 17 ಗ್ರಾಂ ಹೆಚ್ಚು. ವಯಸ್ಸಾದವರ ಸ್ನಾಯು ಬೇಗ ಕರಗುತ್ತದೆ. ಅವರಿಗೆ ಕೆಜಿಗೆ 1 ಗ್ರಾಂ ಅಥವಾ ತುಸು ಹೆಚ್ಚೇ ಇರಲಿ ಅನ್ನುವ ತಜ್ಞರು ಬಹಳ ಮಂದಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಈ ಯಾವ ಲೆಕ್ಕವನ್ನೂ ತಾವಾಗಿ ಹಾಕಿಕೊಳ್ಳಬಾರದು. ಅವರಿಗೆ ಪ್ರೊಟೀನ್ ಜಾಸ್ತಿಯಾದರೆ ತೊಂದರೆ. ವೈದ್ಯರನ್ನು ಕೇಳಲೇಬೇಕು.

ನಿನ್ನೆ ತಿಂದಿದ್ದು ಬರೆಯಿರಿ

ಇಲ್ಲಿ ಬಹಳ ಜನ ಎಡವುತ್ತಾರೆ. 100 ಗ್ರಾಂ ಕೋಳಿ ಅಂದರೆ 100 ಗ್ರಾಂ ಪ್ರೊಟೀನ್ ಅಲ್ಲ, ಹಸಿ ಮಾಂಸದಲ್ಲಿ 20 ಗ್ರಾಂ ಆಸುಪಾಸು. ಮೀನೂ ಹೆಚ್ಚುಕಡಿಮೆ ಅಷ್ಟೇ. 150 ಗ್ರಾಂ ತೂಗುವ ಬಂಗಡೆಯ ತಲೆ, ಕರುಳು, ಮುಳ್ಳು ತೆಗೆದರೆ ಬಾಯಿಗೆ ಸಿಗುವುದು 80–90 ಗ್ರಾಂ. ಅದರಲ್ಲಿ 16 ಗ್ರಾಂ ಪ್ರೊಟೀನ್ ಹಿಡಿಯಬಹುದು. ತಾರ್ಲೆಯೂ (ಭೂತಾಯಿ ಮೀನು) ಬಂಗಡೆಗೆ ಏನೂ ಕಡಿಮೆಯಿಲ್ಲ. ಇಸೋಣಕ್ಕೆ (ಅಂಜಲ್ ಮೀನು) ಅಷ್ಟು ದುಡ್ಡು ಸುರಿದರೂ ಪ್ರೊಟೀನ್ ಅಷ್ಟೇ ಸಿಗುವುದು.

ಒಂದು ಮೊಟ್ಟೆಗೆ 6 ಗ್ರಾಂ. ಒಂದು ಲೋಟ ಹಾಲಿಗೆ, ಅಂದರೆ 200 ಮಿಲಿಗೆ, 6 ಗ್ರಾಂಗಿಂತ ತುಸು ಮೇಲೆ. ಒಣ ಬೇಳೆಕಾಳು ಒಂದು ಹಿಡಿ, ಸುಮಾರು 30 ಗ್ರಾಂ ಇದ್ದರೆ 7 ಗ್ರಾಂ. ಶೇಂಗಾ ಹಿಡಿಗೂ ಅಷ್ಟೇ. ಅಕ್ಕಿಯನ್ನು ಲೆಕ್ಕದಿಂದ ಬಿಡಬೇಡಿ: 100 ಗ್ರಾಂ ಅಕ್ಕಿಯಲ್ಲಿ 7–8 ಗ್ರಾಂ ಇರುತ್ತದೆ.

ಮೀನಿನ ಸಾರಿನಲ್ಲಿ? ಕಾಯಿ ಹಾಲಿನದ್ದು, ಮೀನಿನಿಂದ ಇಳಿದದ್ದು ಸೇರಿ ಒಂದೆರಡು ಗ್ರಾಂ ಇರಬಹುದು. ರುಚಿಯೆಲ್ಲ ಸಾರಿನಲ್ಲಿದ್ದರೂ ಪ್ರೊಟೀನ್ ಇರುವುದು ಹೋಳಿನಲ್ಲೇ.

ಆಯಿಯ ಹಾಳೆ ನಾನೇ ಬರೆದೆ. ಬೆಳಿಗ್ಗೆ ಎರಡು ದೋಸೆ, ಚಹಾ. ಮಧ್ಯಾಹ್ನ ಅನ್ನ, ಸಾರು, ಪಲ್ಯ. ಸಂಜೆ ಚಹಾ, ಬಿಸ್ಕತ್ತು. ರಾತ್ರಿ ಗಂಜಿ, ಉಪ್ಪಿನಕಾಯಿ. ಎಷ್ಟು ಕೂಡಿಸಿದರೂ 25 ಗ್ರಾಂ ದಾಟಲಿಲ್ಲ. ಅವಳ ತೂಕ 50 ಕೆಜಿ, ವಯಸ್ಸಾದವರ ಲೆಕ್ಕದಲ್ಲಿ 50 ಗ್ರಾಂ ಬೇಕು. ಬೇಕಾದ್ದರಲ್ಲಿ ಅರ್ಧ! ದಿನವೂ ಮೀನು ಬೇಯುವ ಮನೆಯಲ್ಲಿ! ಆ ಹಾಳೆ ನೋಡಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಕೊರತೆ ತುಂಬುವುದು

ಒಂದೇ ಹೊತ್ತಿಗೆ ತುಂಬಿಬಿಡುವುದಕ್ಕಿಂತ ಮೂರೂ ಹೊತ್ತಿಗೆ ಹಂಚಿಕೊಳ್ಳುವುದು ಒಳ್ಳೆಯದು. ಭಾನುವಾರ ಅರ್ಧ ಕೆಜಿ ಕೋಳಿ ತಿಂದು ಸೋಮವಾರದಿಂದ ಗಂಜಿ-ಉಪ್ಪಿನಕಾಯಿ ಅಂದರೆ ಆಗದು. ಹೆಚ್ಚಾದ ಪ್ರೊಟೀನನ್ನು ಮೈ ಮುಂದಿನ ವಾರಕ್ಕೆ ಕೂಡಿಡುವುದಿಲ್ಲ.

ಶಿರಸಿ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಸಮಸ್ಯೆ ಬೇರೆ ಥರ. ಮಾವಿನಕಾಯಿಯ ತಿಳಿ ಸಾರು ಅಪ್ಪೆಹುಳಿಯ ರುಚಿ ಯಾವುದಕ್ಕೂ ಬರುವುದಿಲ್ಲ, ಆದರೆ ಅದರಲ್ಲಿ ಪ್ರೊಟೀನ್ ಇಲ್ಲವೆಂದೇ ಹೇಳಬೇಕು. ತಂಬುಳಿಗೆ ಹಾಕುವ ಮಜ್ಜಿಗೆಯೂ ನೀರಾಗಿರುತ್ತದೆ. ಅನ್ನ, ತಂಬುಳಿ, ಅಪ್ಪೆಹುಳಿ ಮೂರರಲ್ಲೇ ಊಟ ಮುಗಿಸಿದರೆ ಹೊಟ್ಟೆ ತುಂಬೀತು, ಪ್ರೊಟೀನ್ ಅನ್ನದ್ದಷ್ಟೇ ಸಿಕ್ಕೀತು. ಜೊತೆಗೆ ಹೆಸರುಕಾಳಿನ ಉಸಳಿಯೋ ಅಲಸಂದೆ ಪಲ್ಯವೋ ಹುರುಳಿ ಸಾರೋ ಇರಲಿ, ಹುರುಳಿಯ ಕಟ್ಟು ಮಾತ್ರವಲ್ಲದೆ ಕಾಳೂ ತಟ್ಟೆಗೆ ಬರಲಿ. ಅಕ್ಕಿಯ ಪ್ರೊಟೀನಿನಲ್ಲಿ ಲೈಸಿನ್ ಎಂಬ ಘಟಕ ಕಡಿಮೆ. ಬೇಳೆಕಾಳಿನಲ್ಲಿ ಅದು ಧಾರಾಳ, ಆದರೆ ಅಲ್ಲಿ ಮೆಥಿಯೋನಿನ್ ಎಂಬ ಇನ್ನೊಂದು ಘಟಕ ಕಡಿಮೆ, ಅದು ಅಕ್ಕಿಯಲ್ಲಿದೆ. ಇಡ್ಲಿ, ದೋಸೆಗೆ ಅಕ್ಕಿಯ ಜೊತೆ ಉದ್ದು ನೆನೆಹಾಕುವಾಗ ಎರಡೂ ಕೂಡುತ್ತವೆ ಅಲ್ವಾ? ಊಟದಲ್ಲೂ ಹಾಗೇ ಆಗಲಿ.

ಕರಾವಳಿಯವರಿಗೆ ಕಷ್ಟ ಬರುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಮೀನಿನ ದರ ಏರುತ್ತದೆ, ಅಟ್ಟದಿಂದ ಒಣಮೀನು ಇಳಿಯುತ್ತದೆ. ಒಣ ಶೆಟ್ಲಿ (ಸಿಗಡಿ) ಚಟ್ನಿ, ಒಣ ಬಂಗಡೆ ಸಾರು ನನಗೂ ಇಷ್ಟವೇ. ಪ್ರೊಟೀನೂ ಹೇರಳ. ಆದರೆ ಉಪ್ಪು ಮಿತಿಮೀರಿ ಇರುತ್ತದೆ. ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಣಮೀನನ್ನು ನೆನೆಸಿ, ನೀರು ಚೆಲ್ಲಿ ಬಳಸಿ. ಬಿಪಿ ಇದ್ದವರು ಅಪರೂಪಕ್ಕೆ ತಿನ್ನಿ. ಆ ಎರಡು ತಿಂಗಳು ಮೊಟ್ಟೆ, ಹುರುಳಿ, ಹೆಸರುಕಾಳನ್ನೇ ಹೆಚ್ಚು ನಂಬಿ. ಪ್ರೊಟೀನ್ ಪುಡಿಯ ಡಬ್ಬಿ ಬೇಕಾಗಿಯೇ ಇಲ್ಲ.

ಮಾಂಸಕ್ಕೆ ಮಿತಿ

ಕುರಿ, ಹಂದಿ, ದನದಂಥ ಕೆಂಪು ಮಾಂಸವನ್ನು ಬೇಯಿಸಿದ ಮೇಲೆ ತೂಗಿದರೆ ವಾರಕ್ಕೆ 350–500 ಗ್ರಾಂ ದಾಟಬಾರದು ಎನ್ನುವುದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ. ಸಾಸೇಜ್‌ನಂಥ ಸಂಸ್ಕರಿಸಿದ ಮಾಂಸ ಬಿಟ್ಟಷ್ಟೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಅದನ್ನು ಕ್ಯಾನ್ಸರ್ ತರುವ ಪದಾರ್ಥಗಳ ಸಾಲಿಗೆ ಸೇರಿಸಿದೆ. ಮಾಜಾಳಿ ದಾಟಿದರೆ ಗೋವಾ, ಅಲ್ಲಿಂದ ಬರುವಾಗ ಸಾಸೇಜ್ ಮಾಲೆ ತರುವ ರೂಢಿ ನಮ್ಮಲ್ಲಿದೆ. ಹಬ್ಬಕ್ಕೊಮ್ಮೆ ಸರಿ, ವಾರವಾರ ಬೇಡ.

ಬಡಿಸುವ ಮೊದಲು ಹಂಚಿ

ಎಷ್ಟು ಜನವೋ ಅಷ್ಟು ತಟ್ಟೆ ಇಡಿ. ಸಾರಿನ ಪಾತ್ರೆ ಊಟದ ಜಾಗಕ್ಕೆ ಬರುವ ಮೊದಲೇ ಒಳಗೆ ಹೋಳು ಹಂಚಿಬಿಡಿ, ಅಡುಗೆ ಮಾಡಿದವರ ತಟ್ಟೆಗೇ ಮೊದಲು. ಕೊನೆಗೆ ಉಳಿದದ್ದು ಅವರಿಗೆ ಅಂತ ಇಟ್ಟರೆ ಏನೂ ಉಳಿಯುವುದಿಲ್ಲ.

ಆಯಿ ಈಗ ಬೆಳಿಗ್ಗೆ ದೋಸೆಯ ಜೊತೆ ಒಂದು ಬೇಯಿಸಿದ ಮೊಟ್ಟೆ ತಿನ್ನುತ್ತಾಳೆ. ಮಧ್ಯಾಹ್ನ ಒಂದು ಇಡೀ ಬಂಗಡೆ. ರಾತ್ರಿ ಗಂಜಿಗೆ ಒಂದು ಹಿಡಿ ಒಣ ಹೆಸರುಕಾಳು ಹಾಕಿ ಮಾಡಿದ ಉಸಳಿ. ಹಳೆಯ 25ಕ್ಕೆ 29 ಸೇರಿ 54 ಗ್ರಾಂ. ತಲೆ ಮಾತ್ರ ಈಗಲೂ ತನಗೇ ಬೇಕು ಅನ್ನುತ್ತಾಳೆ. ಹೋಳಿನ ಜೊತೆ ಅದನ್ನೂ ಅವಳ ತಟ್ಟೆಗೇ ಹಾಕುತ್ತೇನೆ.